ಹಲ್ಲಿನಿಂದ ಕೇಳುತ್ತಿದ್ದ ಹುಸೇನಪ್ಪ

ಹುಸೇನಪ್ಪ ಕಾರಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಹಲ್ಲುಗಳ ನಡುವೆ ಕಚ್ಚಿ, ಅದರ ತುದಿಯನ್ನು ಬಾನೆಟ್ಟಿನೊಳಗೆ ಎಲ್ಲೋ ಒಂದು ಕಡೆ ಊರಿ, ಕಣ್ಣು ಮುಚ್ಚಿ ನಿಂತುಬಿಡುವರು. ದೂರದಿಂದ ನೋಡಿದರೆ ಮನುಷ್ಯನೊಬ್ಬ ನಮ್ಮ ಕಾರಿನಿಂದ ಎಳನೀರು ಕುಡಿಯುತ್ತಿದ್ದಾನೆ ಅನ್ನಿಸಬೇಕು, ಹಾಗೆ.

ಅದು ಎಂಬತ್ತರ ದಶಕದ ಆರಂಭ. ನಮ್ಮ ಮನೆಯವರು ರಾಯಚೂರಿನಲ್ಲಿ ವಕೀಲರು. ಮಾನ್ವಿ, ದೇವದುರ್ಗದ ಕೋರ್ಟುಗಳಿಗೂ ಓಡಾಡುತ್ತಿದ್ದರು. ಒಮ್ಮೆ ಕೋರ್ಟಿನ ಮುಂದೆ ನಿಲ್ಲಿಸಿದ್ದ ಕಾರಿನ ಬ್ಯಾಟರಿಯನ್ನೇ ಯಾರೋ ಬಿಚ್ಚಿಕೊಂಡು ಹೋದರು. ಆ ಸಿಟ್ಟಿಗೆ ಹೈದರಾಬಾದಿನಲ್ಲಿ ಕಾರಿಗೊಂದು ಕಳ್ಳರ ಅಲಾರಂ ಕೂಡಿಸಿಕೊಂಡು ಬಂದರು. ಬಾಗಿಲುಗಳಿಗೆ, ಬಾನೆಟ್ಟಿಗೆ ಪುಟ್ಟ ಸ್ವಿಚ್ಚುಗಳು. ಯಾರಾದರೂ ತೆರೆದರೆ ಹಾರ್ನು ಕೂಗಬೇಕು, ಸೀಟಿನ ಕೆಳಗಿನ ಗುಂಡಿ ಒತ್ತಿದರೆ ಸುಮ್ಮನಾಗಬೇಕು. ಕೆಲವು ತಿಂಗಳು ಹಾಗೆಯೇ ನಡೆಯಿತು. ಆಮೇಲೆ ಅದು ಕಳ್ಳರಿಲ್ಲದೆಯೂ ಕೂಗತೊಡಗಿತು.

ಬೇಸಿಗೆಯ ಮಧ್ಯಾಹ್ನ, ರೊಟ್ಟಿ ಬಡಿದು, ಪಾತ್ರೆ ತೊಳೆದು, ತಣ್ಣನೆಯ ಕಲ್ಲುಹಾಸಿನ ಮೇಲೆ ಬೆನ್ನು ಚಾಚಿದೆ ಅನ್ನುವಷ್ಟರಲ್ಲಿ ಹೊರಗೆ ಶುರು. ಕಾದ ಅಂಗಳದಲ್ಲಿ ಬರಿಗಾಲಲ್ಲಿ ಓಡಬೇಕು, ಕೆಂಡದಂಥ ಸೀಟಿನ ಕೆಳಗೆ ಕೈ ಹಾಕಬೇಕು. ಒಳಗೆ ರಕ್ತದೊತ್ತಡದ ಅತ್ತೆಯವರು ಎದೆ ಹಿಡಿದುಕೊಂಡು, "ಯವ್ವಾ, ಕಳ್ರ್ ಒಯ್ದ್ರ ಒಯ್ಲಿ, ಜೀವಾದ್ರ ಉಳಿತದ," ಅನ್ನುವರು. ಮಾನ್ವಿಯ ಕೋರ್ಟಿನಲ್ಲಂತೂ ವಾದದ ನಡುವೆಯೇ ಹೊರಗಿನಿಂದ ಕೂಗಿತಂತೆ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, "ವಕೀಲ್ರ, ಮೊದ್ಲ ನಿಮ್ಮ ಗಾಡಿದು ತಕರಾರು ಮುಗಿಸ್ಕೊಂಡು ಬರ್ರಿ," ಎಂದರಂತೆ. ಆ ದಿನ ಮನೆಯವರು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಹುಸೇನಪ್ಪನವರಿಗೆ ಹೇಳಿಕಳಿಸಿದರು.

ಹುಸೇನಪ್ಪ ದೇವದುರ್ಗದ ಕಡೆಯ ಮಸರಕಲ್ಲಿನವರು. ಮೊಹರಮ್ಮಿನ ಅಲಾಯಿ ದೇವರಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ ಮಗನೆಂದು ಆ ಹೆಸರು. ಕೂಲಿಯ ಮನೆತನದಿಂದ ಬಂದು, ಲಾರಿಗಳ ಕೆಳಗೆ ಮಲಗಿ ವೈರಿಂಗ್ ಕಲಿತು, ನಮ್ಮ ಓಣಿಯಾಚೆ ತಗಡಿನ ಅಂಗಡಿ ಹಾಕಿದ್ದರು. ಅಂಗಿಯ ಜೇಬಿನಲ್ಲಿ ಸದಾ ಒಂದು ಮಡಚಿದ ಬಿಳಿ ಕರವಸ್ತ್ರ. ಗ್ರೀಸಿನ ಕೈಯನ್ನು ಅದಕ್ಕೆ ಎಂದೂ ಒರೆಸಿದವರಲ್ಲ, ಚಹಾದ ಬಟ್ಟಲು ಹಿಡಿಯಲು ಮಾತ್ರ ಅದನ್ನು ತೆಗೆಯುತ್ತಿದ್ದರು.

"ವೈರ್ ಕಿತ್ತು ಒಗದ್ಬಿಡ್ರಿ, ಸಾಕಾಗ್ಯದ," ಎಂದೆ ನಾನು.

"ಕಿತ್ತು ಒಗ್ಯಾಕ ನಾ ಯಾಕ ಬೇಕ್ರಿ ಅಮ್ಮಾರ? ಗಾಡಿ ಸುಮ್ಮನ ಅಳಂಗಿಲ್ಲ. ಎಲ್ಲೋ ಚುಚ್ಚಾಕತ್ತಿರ್ತದ. ಕೂಸಿನಂಗ, ಒಂದೊಂದ ಅರಿವಿ ಬಿಚ್ಚಿ ನೋಡ್ಬೇಕು."

ಅದೇ ಅವರ ರೀತಿ. ಇವತ್ತು ಒಂದು ಬಾಗಿಲಿನ ತಂತಿ ಬಿಡಿಸಿ ಹೋಗುವರು. ಮತ್ತೆ ಕೂಗಿತೆಂದರೆ ನಾಳೆ ಅದನ್ನು ಜೋಡಿಸಿ ಇನ್ನೊಂದನ್ನು ಬಿಡಿಸುವರು. ದಿನಗಳು ಹೀಗೆಯೇ ಎಳೆದವು.

ಒಂದು ಮಧ್ಯಾಹ್ನ ಅವರು ಕೆಲಸದಲ್ಲಿರುವಾಗಲೇ ಅಲಾರಂ ಕೂಗಿತು. ಬ್ಯಾಟರಿ ಸೋತಿತ್ತು. ಕೂಗು ಬರಬರುತ್ತ ಸಣ್ಣಗಾಗಿ, ಕೊನೆಗೆ ಕರು ನರಳಿದಂತೆ ಎಳೆಯುತ್ತಿತ್ತು. ಹುಸೇನಪ್ಪ ಕೈ ಝಾಡಿಸಿ, "ಗಪ್ಪಾತು ನೋಡ್ರಿ," ಎಂದರು. ಅದು ಇನ್ನೂ ನರಳುತ್ತಲೇ ಇತ್ತು. ನನ್ನ ಕಣ್ಣು ಕಾರಿನ ಕಡೆ ಹೋಯಿತು. ಅವರು ನನ್ನ ಕಣ್ಣನ್ನು ನೋಡಿದರು. ಮೆಲ್ಲನೆ ಅಂಗೈಯನ್ನು ಬಾನೆಟ್ಟಿನ ಮೇಲಿಟ್ಟರು. ಅದರ ನಡುಕ ಕೈಗೆ ಸಿಕ್ಕಿದಾಗ ಅವರ ಮುಖದ ಕಳೆಯೇ ಇಳಿದುಹೋಯಿತು.

"ಅಮ್ಮಾರ, ಯಾರ ಮುಂದೂ ಅನಬ್ಯಾಡ್ರಿ. ವರ್ಷಾತು, ಕಿವಿ ಹೊಂಟಾವ. ಕಿವಿ ಇಲ್ಲದ ಮಿಸ್ತ್ರಿ ಕೈಯಾಗ ಯಾರ್ ಗಾಡಿ ಕೊಡ್ತಾರ? ಮಗಳು ರೇಣುಕಾ ಮಾಸ್ತರ್ ಟ್ರೇನಿಂಗ್ ಓದಾಕತ್ತಾಳ. ಅದು ಮುಗಿಯೋ ತನಕ ಅಂಗಡಿ ನಡೀಬೇಕ್ರಿ. ಇಲ್ಲಂದ್ರ ಅಕಿನೂ ಅವರವ್ವನಂಗ ಹತ್ತಿ ಬಿಡಸಾಕ ಹೋಗ್ಬೇಕಾಗ್ತದ."

ನಾನು ತಲೆಯಾಡಿಸಿದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಮೆಲ್ಲಗೆ, ತುಟಿ ಸ್ಪಷ್ಟವಾಗಿ ಆಡಿಸಿ ಮಾತಾಡುವುದನ್ನು ಕಲಿಸಿದ್ದರು. ಅದು ಇಷ್ಟು ವರ್ಷಗಳ ಮೇಲೆ ಒಬ್ಬರ ಉಪಯೋಗಕ್ಕೆ ಬಂತು. ಅಂದಿನಿಂದ ಅವರು ನನ್ನ ತುಟಿ ನೋಡಿ ತಿಳಿಯುವಂತೆ ಎದುರಿಗೆ ನಿಂತೇ ಮಾತಾಡುತ್ತಿದ್ದೆ. ಸದ್ದು ಬಂದರೆ ಕೈ ಎತ್ತುವುದು, ನಿಂತರೆ ಇಳಿಸುವುದು ನನ್ನ ಕೆಲಸವಾಯಿತು.

ಮನೆಯವರ ತಾಳ್ಮೆ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಅವರು ಹಿಂದಿನಿಂದ ಬಂದು, "ಏನಪಾ ಹುಸೇನಪ್ಪ, ದೊಡ್ಡ ಗ್ಯಾರೇಜಿಗೆ ಒಯ್ಲೇನು?" ಎಂದರು. ಹುಸೇನಪ್ಪ ಸ್ಕ್ರೂಡ್ರೈವರ್ ಕಚ್ಚಿಕೊಂಡು ಬಾಗಿಯೇ ಇದ್ದರು.

"ಕೇಳಿಸ್ಲಿಲ್ಲೇನು? ಕಿವುಡ ಇದ್ದಾನೇನು ಈ ಮನಷ್ಯಾ?"

"ಬಾಯಾಗ ಕಟಗಿ ಕಚ್ಕೊಂಡು ಅವ್ರ್ ಹೆಂಗ ಮಾತಾಡ್ಬೇಕ್ರಿ?" ಎಂದೆ.

ಮನೆಯವರು, "ಭಾಳ ಸೊಕ್ಕು ಬಂದದ," ಎಂದು ಗೊಣಗುತ್ತ ಒಳಗೆ ಹೋದರು. ನಾನು ಅದನ್ನೂ ಹುಸೇನಪ್ಪನವರಿಗೆ ಹೇಳಿದೆ. ಅವರಿಗೆ ಖುಷಿಯೇ ಆಯಿತು. "ಅನ್ಲಿ ಬಿಡ್ರಿ. ಸೊಕ್ಕಿನ ಮಿಸ್ತ್ರಿ ಹತ್ರ ಮಂದಿ ಬೈಕೋಂತನ ಬರ್ತಾರ. ಕಿವುಡ ಮಿಸ್ತ್ರಿ ಹತ್ರ ಬರಂಗಿಲ್ಲ."

ಕೊನೆಗೆ ದಾರಿ ತೋರಿಸಿದ್ದು ಅಮಾವಾಸ್ಯೆ. ಅತ್ತೆಯವರು ಪ್ರತಿ ಅಮಾವಾಸ್ಯೆಗೆ ಕಾರಿಗೆ ನೀರು ಹಾಕಿಸಿ, ವಿಭೂತಿ ಹಚ್ಚಿ, ಕಾಯಿ ಒಡೆದು, ಬಾನೆಟ್ಟಿನ ಅಂಚಿಗೆ ಅದರ ನೀರು ಚಿಮುಕಿಸಿ ಒಂದು ಚಿಟಿಕೆ ಸಕ್ಕರೆ ನೈವೇದ್ಯ ಇಡುತ್ತಿದ್ದರು. ಮರುದಿನ ಬಟ್ಟೆ ಒಣಹಾಕುವಾಗ ನೋಡಿದೆ: ಕಾರಿನ ಗಾಲಿಯ ಮೇಲೆ ಹಾದು ಬಾನೆಟ್ಟಿನ ಸಂದಿಗೆ ಕೆಂಪಿರುವೆಯ ಸಾಲು. ಅಲ್ಲೇ ಕೆಲಸದಲ್ಲಿದ್ದ ಹುಸೇನಪ್ಪನವರ ತೋಳು ತಟ್ಟಿ ತೋರಿಸಿದೆ. ಅವರು ಬಾನೆಟ್ಟಿನ ಸ್ವಿಚ್ಚನ್ನು ಬಿಚ್ಚಿ ಅಂಗೈಗೆ ಕೊಡವಿದರು. ಸತ್ತ ಇರುವೆಗಳು, ಅಂಟುಅಂಟಾದ ಸಕ್ಕರೆಯ ಪಾಕ. ತಾಗಬಾರದ ಎರಡು ಲೋಹದ ಪಟ್ಟಿಗಳನ್ನು ಅದೇ ತಾಗಿಸುತ್ತಿತ್ತು.

ಅತ್ತೆಯವರದು ಓಣಿಗೆಲ್ಲ ಕೇಳುವ ದನಿ, ಅದೊಂದು ಅನುಕೂಲ. "ದೇವ್ರಿಗೆ ಇಟ್ಟದ್ದು ಇರಿವಿ ತಿಂದ್ರ ತಪ್ಪೇನೋ?" ಎಂದು ಎದುರಿಗೇ ಬಂದು ಕೇಳಿದರು.

"ತಪ್ಪಿಲ್ರಿ ಯವ್ವಾ. ಗಾಡಿಗೆ ಸಕ್ರಿ ಬ್ಯಾನಿ ಬಂದದ ಅನ್ಕೊಳ್ರಿ. ಮುಂದಿನ ಅಮಾಸಿಗಿ ಬರೇ ಹೂವ ಇಡ್ರಿ."

ಅಲಾರಂ ಮತ್ತೆ ಸುಮ್ಮನೆ ಕೂಗಲಿಲ್ಲ. ಮನೆಯವರು ಅವರನ್ನು ಬೈಯುತ್ತಲೇ ಎಲ್ಲ ಕೆಲಸಕ್ಕೂ ಕರೆಸುತ್ತಿದ್ದರು. ಒಂದೆರಡು ವರ್ಷಗಳಲ್ಲಿ ತಗಡಿನ ಅಂಗಡಿ ಮುಚ್ಚಿತು. ಅಷ್ಟರಲ್ಲಿ ರೇಣುಕಾಳಿಗೆ ನೌಕರಿಯಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳಲು ಯಾರೂ ಇರಲಿಲ್ಲ.

ಬಹಳ ಕಾಲದ ಮೇಲೆ, ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನನ್ನ ಮುಂದೆ ಬಂದು ನಿಂತು ಕೈ ಮುಗಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಜೊತೆಯಲ್ಲಿ ಹತ್ತಿಯ ಸೀರೆಯುಟ್ಟು, ಹೆಗಲಿಗೆ ಚೀಲ ಹಾಕಿಕೊಂಡ ಹೆಣ್ಣುಮಗಳು. "ನಾನು ರೇಣುಕಾರಿ. ಇಲ್ಲೇ ಸಾಲ್ಯಾಗ ಟೀಚರ್ ಅದೀನಿ. ಅಪ್ಪಗ ಈಗ ಏನೂ ಕೇಳಸಂಗಿಲ್ರಿ," ಎಂದಳು.

ಹುಸೇನಪ್ಪ ಮಗಳನ್ನು ಅಲ್ಲೇ ಬಿಟ್ಟು ನನ್ನನ್ನು ಕಂಬದ ಮರೆಗೆ ಕರೆದರು. ಆಚೆ ಈಚೆ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಗುಟ್ಟಿನಲ್ಲಿ ಕೇಳುತ್ತಿದ್ದೇನೆ ಎಂದುಕೊಂಡು ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ಕೂಗಿದರು:

"ಅಮ್ಮಾರ! ನನ್ನ ಕಿವಿ ಸುದ್ದಿ ಯಾರ ಮುಂದೂ ಅಂದಿಲ್ಲಲ್ರಿ?"

ಕಂಡಕ್ಟರು ತಿರುಗಿದ. ಶೇಂಗಾ ಮಾರುವವಳ ಕೈ ತೂಕದ ಮೇಲೆಯೇ ನಿಂತಿತು. ರೇಣುಕಾ ತಲೆ ತಗ್ಗಿಸಿದಳು.

ನಾನು ಅವರಿಗೆ ಕಾಣುವಂತೆ, ನಿಧಾನವಾಗಿ, ಇಲ್ಲವೆಂದು ತಲೆಯಾಡಿಸಿದೆ. ಅವರ ಹೆಗಲು ಸಡಿಲಾಯಿತು. ಮತ್ತೊಮ್ಮೆ ಕೈ ಮುಗಿದು, ಸಮಾಧಾನದಿಂದ ಮಗಳ ಹಿಂದೆ ಹೊರಟರು. ಶೇಂಗಾದವಳು ನನ್ನ ಮುಖ ನೋಡಿದಳು, ಮತ್ತೆ ತೂಗತೊಡಗಿದಳು.