ಸರ್ವರಿನ ಮಧ್ಯಾಹ್ನದ ನಿದ್ದೆ

ನಾನು ಬಹಳ ಬೇಗ ಉಬ್ಬುವವಳು. ಯಾರಾದರೂ ನನ್ನ ಪುಂಡಿಪಲ್ಯ ಚೆನ್ನಾಗಿದೆ ಎಂದರೆ ಸಾಕು, ವಾರಪೂರ್ತಿ ಅದನ್ನೇ ಮಾಡಿ ಮನೆಯವರನ್ನು ಹೈರಾಣ ಮಾಡುತ್ತೇನೆ. ಅಂಥವಳಿಗೆ, ನೀನು ಮಾಡಿದ ವೆಬ್‌ಸೈಟನ್ನು ಹತ್ತು ನಿಮಿಷಕ್ಕೊಬ್ಬರು ತೆರೆದು ನೋಡುತ್ತಿದ್ದಾರೆ ಎಂದು ಕಂಪ್ಯೂಟರೇ ಹೇಳಿಬಿಟ್ಟರೆ ಏನಾಗಬಹುದು? ಹೋದ ಬೇಸಿಗೆಯಲ್ಲಿ ಆದದ್ದು ಅದೇ. ಈಗ ಮುಚ್ಚಿಡುವಂಥದ್ದೇನೂ ಉಳಿದಿಲ್ಲ. ರಾಮಸಮುದ್ರದ ಹೆಂಗಸರಿಗೆಲ್ಲ ಗೊತ್ತಾಗಿದೆ, ನಿಮಗೂ ಗೊತ್ತಾದರೆ ನನಗೇನು ನಷ್ಟ?

ಯಾದಗಿರಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ತವರು ಅಲ್ಲೇ ಹತ್ತಿರದ ರಾಮಸಮುದ್ರ. ಅಲ್ಲಿ ನನ್ನ ಕಾಕಿ, ಅಂದರೆ ಚಿಕ್ಕಮ್ಮ, ಶರಣಮ್ಮ ಮಹಿಳಾ ಸಂಘದ ಅಧ್ಯಕ್ಷೆ. ಈ ಸಂಘದ ಆಸ್ತಿ ಎಂದರೆ ಬಾಂಡೆ ಸಾಮಾನು: ಒಂದು ಭಾರಿ ಕೊಪ್ಪರಿಗೆ, ಎರಡು ಸಣ್ಣವು, ಅಗಲವಾದ ಪರಾತಗಳು, ಬಡಿಸುವ ಬಕೀಟುಗಳು, ನನ್ನ ಭುಜದವರೆಗೆ ಬರುವ ಸೌಟುಗಳು. ಮದುವೆ, ಬಸಿರಿಯ ಕುಬುಸ, ಮಗುವಿನ ಜಾವಳ, ಏನೇ ಇದ್ದರೂ ಜನ ಬಾಡಿಗೆಗೆ ಒಯ್ಯುತ್ತಾರೆ. ಆ ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸಿದ ಗೋಧಿಹುಗ್ಗಿ ತಳ ಹತ್ತುವುದಿಲ್ಲ ಎಂಬ ಸುದ್ದಿ ದೋರನಹಳ್ಳಿ, ಶಿರವಾಳ ದಾಟಿ ಸುರಪುರದವರೆಗೂ ಹಬ್ಬಿದೆ. ಸುದ್ದಿ ಹಬ್ಬಿದಂತೆಲ್ಲ ತಕರಾರೂ ಹಬ್ಬಿತು. ಒಂದು ದಿನ ಕಾಕಿ ನನ್ನನ್ನು ಕೂರಿಸಿಕೊಂಡು ಹೇಳಿದಳು:

"ಸುನಂದಾ, ನೀ ಇಷ್ಟ ಓದೀದಿ. ಯಾರು ಯಾವತ್ತ ಏನ್ ಒಯ್ತಾರ ಅನ್ನೋದು ಫೋನಿನ್ಯಾಗ ಕಾಣೂಹಂಗ ಮಾಡಿಕೊಡು. ಈ ವಹಿ ಮ್ಯಾಲ ಸಾರು ಚೆಲ್ಲಿ ಅರ್ಧ ಮದಿವಿ ಅಳಿಸಿಹೋಗ್ಯಾವ."

ಮಾಡಿಕೊಟ್ಟೆ. ಪುಟ ತೆರೆದರೆ ತಾರೀಖುಗಳ ಪಟ್ಟಿ. ಖಾಲಿ ಇರುವ ದಿನದ ಮೇಲೆ ಬೆರಳಿಟ್ಟು ಊರು, ಹೆಸರು, ಬೇಕಾದ ಬಾಂಡೆ ಬರೆದರೆ ಮುಗಿಯಿತು.

ಇಲ್ಲಿ ಸರ್ವರಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಈ ಪದಕ್ಕೆ ಎರಡು ಅರ್ಥಗಳಿವೆ. ಹೋಟೆಲಿನಲ್ಲಿ ಸುಸಲಾ ತಂದಿಡುವವನು ಒಬ್ಬ ಸರ್ವರ್. ಯಾವ ಕಚೇರಿಯ ಕಿಟಕಿಗೆ ಹೋಗಿ ನಿಂತರೂ "ಇವತ್ತು ಇಲ್ಲ, ನಾಳೆ ಬರ್ರಿ" ಎನಿಸಿಕೊಳ್ಳುವುದು ಇನ್ನೊಂದು. ನನ್ನದು ಈ ಎರಡನೆಯ ಜಾತಿಯದು: ಎಲ್ಲೋ ದೂರದಲ್ಲಿರುವ, ಯಾರದೋ ಕಂಪ್ಯೂಟರು. ಅದನ್ನು ತಿಂಗಳಿಗೆ ಇಂತಿಷ್ಟು ಗಂಟೆ ಬಿಟ್ಟಿಯಾಗಿ ಓಡಿಸಲು ಕೊಡುತ್ತಾರೆ. ಗಂಟೆ ಮುಗಿದರೆ ಮುಂದಿನ ತಿಂಗಳವರೆಗೆ ಬಂದ್. ಬಾಂಡೆ ಬೇಕಾದವರು ದಿನಕ್ಕೆ ನಾಲ್ಕೈದು ಜನ. ಉಳಿದ ಹೊತ್ತೆಲ್ಲ ಅದು ಸುಮ್ಮನೆ ಉರಿಯುವುದೇಕೆ? ಹದಿನೈದು ನಿಮಿಷ ಯಾರೂ ಬಾರದಿದ್ದರೆ ತಾನಾಗಿ ಮಲಗು, ಯಾರಾದರೂ ಪುಟ ತೆರೆದರೆ ತಾನಾಗಿ ಏಳು ಎಂದು ಬರೆದಿಟ್ಟೆ. ಏಳಲು ಮುಕ್ಕಾಲು ನಿಮಿಷ ತೆಗೆದುಕೊಳ್ಳುತ್ತಿತ್ತು. ನಾನು ಬೆಳಗ್ಗೆ ಏಳಲು ತೆಗೆದುಕೊಳ್ಳುವುದಕ್ಕೆ ಹೋಲಿಸಿದರೆ ಅದು ಮಿಂಚು.

ಹೊಲದಲ್ಲಿ ಪಂಪ್‌ಸೆಟ್ಟಿಗೆ ಹಾಕುವ ಆಟೋ ಸ್ಟಾರ್ಟರ್ ನಿಮಗೆ ಗೊತ್ತಿರಬಹುದು. ಕರೆಂಟು ಬಂದ ಕೂಡಲೇ ಪಂಪು ತಾನೇ ಶುರುವಾಗುತ್ತದೆ; ಹೊಲಕ್ಕೆ ನೀರು ಬೇಕೋ ಬೇಡವೋ ಕೇಳುವುದಿಲ್ಲ. ನನ್ನ ಏರ್ಪಾಡು ಅದಕ್ಕಿಂತ ಜಾಣತನದ್ದು, ಬೇಕಾದವರು ಬಂದಾಗ ಮಾತ್ರ ಏಳುವಂಥದ್ದು ಎಂದು ಲ್ಯಾಬಿನಲ್ಲಿ ಮಕ್ಕಳಿಗೆ ಒಂದು ಗಂಟೆ ಪಾಠ ಮಾಡಿದೆ. ಆದರೆ ಈ ಮಲಗುವ ಏಳುವ ವಿಷಯವನ್ನು ರಾಮಸಮುದ್ರದವರಿಗೆ ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ಕೊಪ್ಪರಿಗೆ ಕೊಡುವವರಿಗೆ ಇದೆಲ್ಲ ಯಾಕೆ ಎಂಬ ದೊಡ್ಡಸ್ತಿಕೆ ಇರಬೇಕು.

ಎರಡು ವಾರದ ಮೇಲೆ ಕುತೂಹಲಕ್ಕೆಂದು, ಪುಟ ಯಾವಾಗ ಯಾವಾಗ ತೆರೆಯಿತೆಂಬ ದಾಖಲೆ ತೆಗೆದು ನೋಡಿದರೆ, ಸರ್ವರು ಹಗಲು ಮಲಗಿಯೇ ಇಲ್ಲ! ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಯಾರಾದರೊಬ್ಬರು ಬರುತ್ತಲೇ ಇದ್ದಾರೆ. ಆರು ಗಂಟೆಗೆ ಒಬ್ಬರು, ಆರೂ ಹತ್ತಕ್ಕೆ ಒಬ್ಬರು, ಆರೂ ಇಪ್ಪತ್ತಕ್ಕೆ ಮತ್ತೊಬ್ಬರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಹೋದ್ಯೋಗಿಗಳಿಗೆ ಚಹಾ ಕುಡಿಸಿದೆ. ಯಾವ ಹೊತ್ತಿಗೆ ಎಷ್ಟು ಜನ ಬಂದರೆಂಬ ನಕ್ಷೆ ಬಿಡಿಸಿ ಲ್ಯಾಬಿನ ಗೋಡೆಗೆ ಅಂಟಿಸಿದೆ. ಶಹಾಪುರಕ್ಕೂ ಸುರಪುರಕ್ಕೂ ಇಂಥದ್ದೇ ಒಂದೊಂದು ಮಾಡಬೇಕು, ಆಮೇಲೆ ಇಡೀ ರಾಜ್ಯದ ಕೊಪ್ಪರಿಗೆಗಳನ್ನೆಲ್ಲ ಒಂದೇ ಪುಟಕ್ಕೆ ತರಬೇಕು ಎಂದು ಊಟಕ್ಕೆ ಕೂತಾಗ ಗಂಡನ ಮುಂದೆ ಯೋಜನೆ ಬಿಚ್ಚಿಟ್ಟೆ. ಅವರು ಶಾಲೆಯೊಂದರಲ್ಲಿ ಗುಮಾಸ್ತರು, ಉಬ್ಬುವ ಅಭ್ಯಾಸವಿಲ್ಲ.

"ಅಷ್ಟು ಮದಿವಿ ಎಲ್ಲಿ ನಡದಾವ?" ಎಂದಷ್ಟೇ ಕೇಳಿ ಇನ್ನೊಂದು ರೊಟ್ಟಿ ತೆಗೆದುಕೊಂಡರು.

ಹೊಟ್ಟೆಕಿಚ್ಚು ಎಂದುಕೊಂಡೆ. ಮದುವೆ ಮಾಡುವವರು ಗಡಿಯಾರ ಹಿಡಿದು ಸರಿಯಾಗಿ ಹತ್ತು ನಿಮಿಷಕ್ಕೊಬ್ಬರಂತೆ ಸಾಲಿನಲ್ಲಿ ಬರುತ್ತಾರೆಯೇ ಎಂಬ ಅನುಮಾನ, ಇದೇ ಲೆಕ್ಕ ನನ್ನ ವಿದ್ಯಾರ್ಥಿಯೊಬ್ಬನ ಉತ್ತರಪತ್ರಿಕೆಯಲ್ಲಿದ್ದರೆ, ನನಗೇ ಮೊದಲು ಬರುತ್ತಿತ್ತು.

ತಿಂಗಳು ಮುಗಿಯಲು ಇನ್ನೂ ಹತ್ತು ದಿನ ಇರುವಾಗ, ಒಂದು ಶನಿವಾರ, ಆ ದೂರದ ಕಂಪ್ಯೂಟರಿನವರಿಂದ ಪತ್ರ ಬಂತು. ನಿಮ್ಮ ಗಂಟೆಗಳು ಮುಗಿದಿವೆ, ಒಂದನೇ ತಾರೀಖಿಗೆ ಭೇಟಿಯಾಗೋಣ. ದುಡ್ಡು ಕಟ್ಟಿ ಬಿಡಿಸೋಣವೆಂದರೆ ನನ್ನ ಬ್ಯಾಂಕಿನ ಕಾರ್ಡು ಪರದೇಶದವರನ್ನು ನಂಬಲು ಒಪ್ಪಲಿಲ್ಲ. ಮದುವೆಗಳ ಪಟ್ಟಿಯೂ ಒಳಗೇ ಸಿಕ್ಕಿಹಾಕಿಕೊಂಡಿತು. ಎಲ್ಲದಕ್ಕೂ ಇನ್ನೊಂದು ಪ್ರತಿ ಇಟ್ಟುಕೊಳ್ಳಿ ಎಂದು ವರ್ಷವಿಡೀ ಮಕ್ಕಳಿಗೆ ಬೋಧಿಸುವ ನಾನು ಈ ಪಟ್ಟಿಗೆ ಪ್ರತಿ ಇಟ್ಟಿರಲಿಲ್ಲ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ರಾಮಸಮುದ್ರಕ್ಕೆ ಓಡಿದೆ. ಸಂಘದ ಕೋಣೆಯ ಮುಂದೆ ಆಗಲೇ ಒಂದು ಟ್ರ್ಯಾಕ್ಟರು, ಒಂದು ಟಂಟಂ ಆಟೋ ನಿಂತಿದ್ದವು. ನಡುವೆ ದೊಡ್ಡ ಕೊಪ್ಪರಿಗೆ. ಅದರ ಒಂದು ಕಿವಿ ದೋರನಹಳ್ಳಿಯ ಯಜಮಾನರೊಬ್ಬರ ಕೈಯಲ್ಲಿ, ಇನ್ನೊಂದು ಕಿವಿ ಶಿರವಾಳದಿಂದ ಬಂದಿದ್ದ ಮದುಮಗಳ ಅತ್ತೆಯ, ಅಂದರೆ ಅವಳ ತಂದೆಯ ತಂಗಿಯ ಕೈಯಲ್ಲಿ.

"ನಾಳಿಗಿ ನಮ್ಮ ಸೊಸಿ ಕುಬುಸ ಅದರಿ. ನಾವು ಮೊದ್ಲ ಬರಸೀವಿ!" ಎಂದು ಯಜಮಾನರು.

"ನಾಳಿಗಿ ನಮ್ಮ ಹುಡಿಗಿ ಮದಿವಿ! ಮಂದಿ ಉಪಾಸ ಹೋಗಬೇಕೇನು?" ಎಂದು ಆಕೆ.

ಕಾಕಿ ನನ್ನನ್ನು ಕಂಡದ್ದೇ, "ಬಾ ಯವ್ವಾ, ನಿನ್ನ ಸರ್ವರ್ ಎಲ್ಲಿ ಹೋಗ್ಯಾನ? ಕರಿ ಅವನ್ನ" ಎಂದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನಾಳೆ ಮದುವೆ ಇರುವ ಮನೆಯವರಿಗೆ, ಪಟ್ಟಿ ಒಂದನೇ ತಾರೀಖಿಗೆ ಬರುತ್ತದೆ ಎಂದು ಹೇಳುವುದು ಹೇಗೆ?

ಆಗ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಮಲ್ಲಮ್ಮಕ್ಕ ಬಂದಳು. ಐವತ್ತರ ಆಸುಪಾಸಿನ ಹೆಂಗಸು. ಸಂಘದ ಬಾಂಡೆ ತೊಳೆದು, ಎಣಿಸಿ, ಜೋಡಿಸಿ ಇಡುವವಳು. ಸಂಘದ ಫೋನು ಅವಳ ಹತ್ತಿರವೇ ಇರುತ್ತದೆ.

"ಜಗಳ್ಯಾಕ್ರಿ? ಕೊಪ್ಪರಗಿ ಕಿವಿ ಬಿಡ್ರಿ, ಕಿತ್ತೀತು," ಎಂದಳು. ಆಮೇಲೆ ಕಣ್ಣು ಅರ್ಧ ಮುಚ್ಚಿಕೊಂಡು ಹೇಳತೊಡಗಿದಳು. "ದೋರನಹಳ್ಳಿಯವ್ರದು ಮೊದ್ಲ ಸೋಮವಾರ ಅಂತ ಇತ್ತು, ಖರೆ. ಬುಧವಾರ ಮುಂಜಾನಿ ನಾ ಎಮ್ಮಿ ಹಿಂಡಿ ಬಂದು ನೋಡೂದ್ರಾಗ ಅದು ಗುರುವಾರಕ್ಕ ಹೋಗಿತ್ತು. ಸೋಮವಾರ ಖಾಲಿ ಆತು. ಮರುದಿನ ನಾ ರೊಟ್ಟಿ ಹಿಟ್ಟು ನಾದೂವಾಗ ಶಿರವಾಳದವ್ರು ಅದನ್ನ ಹಿಡ್ಕೊಂಡ್ರು. ದೊಡ್ಡ ಕೊಪ್ಪರಗಿ, ಎರಡು ಪರಾತ, ಆರು ಬಕೀಟು. ಯಜಮಾನ್ರ, ನಿಮ್ಮ ಮನ್ಯಾಗ ಒಂದ್ ಮಾತು ಕೇಳ್ರಿ."

ಯಜಮಾನರು ಮನೆಗೆ ಫೋನು ಹಚ್ಚಿದರು. ಆ ಕಡೆಯಿಂದ ಸೊಸೆಯ ದನಿ ನಮಗೆಲ್ಲ ಕೇಳುವಷ್ಟು ಗಟ್ಟಿಯಾಗಿತ್ತು: "ಹೌದ್ರಿ ಮಾವಾ, ಗುರುವಾರ ಛಲೋ ಅದ ಅಂತ ಅತ್ತಿ ಬದಲಿ ಮಾಡಿಸ್ಯಾರ. ನಿಮಗ ಹೇಳಿಲ್ಲೇನ್ರಿ?"

ಅವರು ಕೊಪ್ಪರಿಗೆಯ ಕಿವಿ ಬಿಟ್ಟರು. "ನಮ್ಮ ಮನಿ ಸುದ್ದಿ ನನಗಿಂತ ನಿಮಗ ಜಾಸ್ತಿ ಗೊತ್ತದಲ್ರೀ ಯವ್ವಾ!" ಎಂದು ನಕ್ಕು, ತಾವೇ ಕೈಕೊಟ್ಟು ಅದನ್ನು ಟಂಟಂಗೆ ಏರಿಸಿದರು.

ಗಾಡಿಗಳು ಹೋದ ಮೇಲೆ ನಾನು ಮಲ್ಲಮ್ಮಕ್ಕನ ಕೈ ಹಿಡಿದುಕೊಂಡೆ. "ಅಕ್ಕಾ, ಇಷ್ಟೆಲ್ಲ ಹ್ಯಾಂಗ ನೆನಪದ ನಿಮಗ?"

"ನೆನಪಿರದ ಏನ್ರಿ ಮೇಡಂ? ಹತ್ ಹತ್ ನಿಮಿಷಕ್ಕ ತೆಗದು ನೋಡ್ತೇನಲ್ಲ."

ಹತ್ತು ನಿಮಿಷಕ್ಕೆ. ಗೋಡೆಗೆ ಅಂಟಿಸಿದ ನಕ್ಷೆ ನನ್ನ ಕಣ್ಣ ಮುಂದೆ ಬಂದು ನಿಂತಿತು. ಆರು ಗಂಟೆಗೊಬ್ಬರು, ಆರೂ ಹತ್ತಕ್ಕೊಬ್ಬರು, ಆರೂ ಇಪ್ಪತ್ತಕ್ಕೆ ಮತ್ತೊಬ್ಬರು. ಅಷ್ಟೂ ಜನ ಮಲ್ಲಮ್ಮ!

ಕಾಕಿ ವಿವರಿಸಿದಳು. "ನಿನ್ನ ಪುಟ ಒಮ್ಮೊಮ್ಮಿ ತೆಗದ್ರ ಎಷ್ಟೊತ್ತಾದ್ರೂ ಬರ್ತಿದ್ದಿಲ್ಲ. ಮಲ್ಲವ್ವನೇ ನೋಡಿ ನೋಡಿ ಕಂಡುಹಿಡದ್ಲು. ಘಳಿಗಿ ಘಳಿಗಿಗಿ ಮುಟ್ಟತಾ ಇದ್ರ ಅದು ಎಚ್ಚರಿರ್ತದ, ಬಿಟ್ರ ಮಲಕೋತದ. ಗಿರಾಕಿ ಬಂದಾಗ ಮಲಕೊಂಡ್ರ ಸಂಘದ ಮರ್ಯಾದಿ ಏನಾಗಬೇಕು? ಅದಕ್ಕ ಅಕಿಗೇ ಕೆಲಸ ಹಚ್ಚೀನಿ."

ಓದುಗರೇ, ದೊಡ್ಡ ದೊಡ್ಡ ಕಂಪನಿಗಳಲ್ಲಿ ಸರ್ವರು ಮಲಗದಂತೆ ಆಗಾಗ ತಟ್ಟಿ ಎಚ್ಚರಿಡಲು ಎಂಜಿನಿಯರುಗಳು ಬೇರೆಯೇ ಪ್ರೋಗ್ರಾಮು ಬರೆಯುತ್ತಾರೆ. ಯಾರೂ ಹೇಳಿಕೊಡದೆ ಆ ಉಪಾಯವನ್ನು ಬಾಂಡೆ ತೊಳೆಯುತ್ತ ಕಂಡುಕೊಂಡವಳು ಇವಳು. ಇದನ್ನು ಹೇಳಬೇಕಿತ್ತು. ಆದರೆ ನನ್ನ ಬಾಯಿಂದ ಮೊದಲು ಬಂದದ್ದು, "ಅಯ್ಯೋ, ಅದು ಮಲಗಲಿ ಅಂತ ನಾನ ಹಂಗ ಮಾಡೀನ್ರಿ. ಎಚ್ಚರ ಇಟ್ಟದ್ದಕ್ಕ ಬಿಟ್ಟಿ ಗಂಟೆಗಳೆಲ್ಲ ಖರ್ಚಾಗಿ ಬಂದ್ ಆಗ್ಯದ" ಎಂಬ ಮಾತು.

ಮಲ್ಲಮ್ಮಕ್ಕನ ಮುಖ ಸಣ್ಣದಾಯಿತು. "ಹಂಗಾದ್ರ ನಾನ ಕೆಡಿಸಿದ್ನೇನ್ರಿ? ಇಪ್ಪತ್ ದಿನ ಆತು, ಮಧ್ಯಾಹ್ನ ಒಂದ್ ಘಳಿಗಿ ಅಡ್ಡಾಗಿಲ್ರಿ ನಾ. ಕಣ್ಣು ಎಳದ್ರ ನೀರ್ ಹೊಡಕೊಂಡು ಎದ್ದು ಫೋನ್ ಒತ್ತೀನಿ."

ತಪ್ಪು ನನ್ನದೇ, ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು ಎಂದು ಪರಿಪರಿಯಾಗಿ ಹೇಳಿ, ಸರ್ವರಿನ ನಿಯಮವನ್ನು ನೆಲದ ಮೇಲೆ ಕೂತು ವಿವರಿಸಿದೆ. ಹದಿನೈದು ನಿಮಿಷ ಯಾರೂ ಕರೆಯದಿದ್ದರೆ ಅದು ಮಲಗುತ್ತದೆ ಎಂದಾಗ ಅವಳು ಗಲ್ಲಕ್ಕೆ ಕೈ ಹಚ್ಚಿದಳು.

"ಹದಿನೈದು ನಿಮಿಷ! ನನ್ನ ಮದಿವ್ಯಾದಾಗಿಂದ ಹದಿನೈದು ನಿಮಿಷ ಯಾರೂ ಕರೀದ ಇದ್ದದ್ದು ನನಗ ನೆನಪಿಲ್ರಿ ಮೇಡಂ."

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಕಾಕಿ ನಗುತ್ತ ನಗುತ್ತ ಪರಾತದ ಮೇಲೆ ಕೂತುಬಿಟ್ಟಳು. ಕೊನೆಗೆ ಮಲ್ಲಮ್ಮಕ್ಕನೂ ನಕ್ಕಳು. ಅಷ್ಟರಲ್ಲಿ ಯಾರೋ ಹೊರಗಿನಿಂದ "ಮಲ್ಲವ್ವಾ!" ಎಂದು ಕೂಗಿದರು, ನಗು ಮತ್ತೆ ಶುರುವಾಯಿತು.

ಆ ಮಧ್ಯಾಹ್ನ ಅವಳು ಹೇಳಿದಳು, ನಾನು ಬರೆದುಕೊಂಡೆ. ಮುಂದಿನ ತಿಂಗಳ ಮದುವೆಗಳೂ ಸೇರಿ ಒಂದೂ ಬಿಡಲಿಲ್ಲ. ಯಾವುದು ಕಟ್ಟಿಗೆ ಒಡೆಯುವಾಗ, ಯಾವುದು ಮೊಮ್ಮಗಳಿಗೆ ಹೆರಳು ಹಾಕುವಾಗ ಬಂದದ್ದು ಎಂಬುದರ ಸಮೇತ. ಪುಟ ಬಂದ್ ಇದ್ದ ಹತ್ತು ದಿನ ಜನ ನೇರವಾಗಿ ಅವಳಿಗೇ ಫೋನು ಮಾಡಿದರು. ಒಂದನೇ ತಾರೀಖಿಗೆ ಸರ್ವರು ವಾಪಸು ಬಂದ ಮೇಲೆ ಅವಳು ಹೇಳಿದ ಪಟ್ಟಿಯನ್ನು ಒಳಗಿನ ಪಟ್ಟಿಗೆ ತಾಳೆ ಹಾಕಿದೆ. ಒಂದು ಕಡೆ ಮಾತ್ರ ವ್ಯತ್ಯಾಸವಿತ್ತು. ಅಲ್ಲಿ ಊರಿನ ಹೆಸರನ್ನು ನನ್ನ ಪ್ರೋಗ್ರಾಮೇ ಅರ್ಧ ತಿಂದುಹಾಕಿತ್ತು.

ಆದರೆ ರುಚಿ ಹತ್ತಿದ ಜನ ಪುಟಕ್ಕೆ ಮರಳಲಿಲ್ಲ. ಅವಳಿಗೇ ಫೋನು. ಸರ್ವರು ಇಡೀ ದಿನ ಗೊರಕೆ ಹೊಡೆಯಿತು. ಮಲಗಿಸುವ ವಿದ್ಯೆಯಲ್ಲಿ ನಾನು ಇಷ್ಟು ಯಶಸ್ವಿಯಾಗುತ್ತೇನೆ ಎಂದುಕೊಂಡಿರಲಿಲ್ಲ. ಲ್ಯಾಬಿನ ಗೋಡೆಯಿಂದ ನಕ್ಷೆ ಕಿತ್ತು ಅದರ ಹಿಂದೆ ಕಿರಾಣಿ ಚೀಟಿ ಬರೆದೆ.

ಒಂದು ವಾರದ ಮೇಲೆ ಮಲ್ಲಮ್ಮಕ್ಕನದೇ ಫೋನು ಬಂತು. "ಮೇಡಂ, ಮಂದಿ ಉಣ್ಣಾಕ ಬಿಡವಲ್ರು. ಮಧ್ಯಾಹ್ನ ಎರಡರಿಂದ ನಾಕರ ತನಕ ನಿಮ್ಮ ಸರ್ವರೇ ನೋಡ್ಕೊಳ್ಳಲಿ. ಆಮ್ಯಾಲ ನಾ ನೋಡ್ಕೋತೇನಿ."

ಸಂಘದ ಬಾಗಿಲಿಗೆ ಹಾಗೆಂದೇ ಬರೆಸಿದೆವು. ಪುಟ ತೆರೆದ ಕೂಡಲೇ "ತಡೀರಿ, ಏಳಾಕತ್ತದ. ಅಲ್ಲೀತನಕ ಎಷ್ಟು ಮಂದಿ ಊಟ ಅಂತ ಎಣಿಸಿಟ್ಕೊಳ್ರಿ" ಎಂಬ ಅವಳದೇ ಮಾತು ಕಾಣುವಂತೆ ಮಾಡಿದೆ. ಈಗ ಆ ಮುಕ್ಕಾಲು ನಿಮಿಷದ ಬಗ್ಗೆ ಯಾರದೂ ತಕರಾರಿಲ್ಲ.

ಹೋದ ಮಂಗಳವಾರ ಲ್ಯಾಬಿನಲ್ಲಿ ಕೂತಿದ್ದೆ. ಎರಡೂವರೆ ಗಂಟೆಗೆ ದಾಖಲೆಯಲ್ಲಿ ಒಂದು ಸಾಲು ಮೂಡಿತು. ಸರ್ವರು ಎದ್ದಿತ್ತು. ಸುರಪುರದಿಂದ ಯಾರೋ ಜಾವಳಕ್ಕೆ ಸಣ್ಣ ಕೊಪ್ಪರಿಗೆ ಹಿಡಿದರು. ಅವರು ಹೋಗಿ ಹದಿನೈದು ನಿಮಿಷಕ್ಕೆ ಅದು ಮತ್ತೆ ಮಲಗಿತು. ಒಬ್ಬ ನಿಜವಾದ ಗಿರಾಕಿ! ಹಿಗ್ಗು ತಡೆಯಲಾರದೆ, ಹೇಳಲೇಬೇಕೆಂದು ಮಲ್ಲಮ್ಮಕ್ಕನಿಗೆ ಫೋನು ಹಚ್ಚಿದೆ.

ಸ್ವಿಚ್ ಆಫ್ ಆಗಿತ್ತು.

ಆ ಯಂತ್ರದ ಹೆಂಗಸು ಅದನ್ನು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹೇಳಿ ಮುಗಿಸುವವರೆಗೂ ಫೋನನ್ನು ಕಿವಿಗೆ ಹಿಡಿದುಕೊಂಡೇ ಇದ್ದೆ. ಆಮೇಲೆ ಇನ್ನೂ ಅರ್ಧ ಗಂಟೆಯ ಪಾಠ ಬಾಕಿ ಇದ್ದರೂ, ಮನೆಗೆ ಹೋಗಿ ಎಂದು ಮಕ್ಕಳನ್ನೆಲ್ಲ ಬಿಟ್ಟುಬಿಟ್ಟೆ.