ಗಂಗಕ್ಕನ ಬಲಗಿವಿ

ಆಗ ನನಗೆ ಐವತ್ತೊಂದು. ಎಮರ್ಜೆನ್ಸಿ ಮುಗಿದ ವರ್ಷ ಅದು; ಈಗದಕ್ಕೆ ಹತ್ತು ವರ್ಷವಾಯಿತು. ಅರಸೀಕೆರೆಯ ಡಾಕ್ಟರು ಹೇಳಿದ ಮಾತನ್ನು ನಾನು ಮುಚ್ಚಿಟ್ಟೆ. ಮರೆತದ್ದಲ್ಲ, ಅರ್ಥವಾಗದ್ದೂ ಅಲ್ಲ — ಮುಚ್ಚಿಟ್ಟೆ.

ಗಂಗಕ್ಕ ನನ್ನ ಗಂಡನ ಅಕ್ಕ. ತನ್ನ ಗಂಡ ಸತ್ತ ಮೇಲೆ ಕಣಕಟ್ಟೆಯ ನಮ್ಮ ಮನೆಯಲ್ಲೇ ಇದ್ದವಳು. ಅಟ್ಟದ ಮೇಲಿನ ತೆಂಗಿನಕಾಯಿ ಒಣಗಿ ಕೊಬ್ಬರಿಯಾಯಿತೋ ಇಲ್ಲವೋ, ಹೇಳುವವಳು ಅವಳೇ. ಕಾಯಿಯನ್ನು ಬಲಗಿವಿಗೆ ಹಿಡಿದು ಅಲ್ಲಾಡಿಸುವಳು. ನೀರಿಂಗಿದ್ದರೆ ಕೊಬ್ಬರಿ ಚಿಪ್ಪು ಬಿಟ್ಟು ಒಳಗೆ ಲೊಡಲೊಡ. ಹೂಂ ಅಂದರೆ ಒಡೆಯುವುದು, ಊಹೂಂ ಅಂದರೆ ಮತ್ತೆ ಅಟ್ಟಕ್ಕೆ.

ಒಂದು ಬೆಳಿಗ್ಗೆ ಅವಳು ಅಲ್ಲಾಡಿಸಿದ್ದೆಲ್ಲ ಅಟ್ಟಕ್ಕೇ ಹೋಯಿತು. "ಒಂದೂ ಒಣಗಿಲ್ಲ ಕಣೇ" ಅಂದಳು. ನಾನೊಂದನ್ನು ಕಿತ್ತುಕೊಂಡು ಅಲ್ಲಾಡಿಸಿದೆ — ಬೀದಿಗೆ ಕೇಳುವಂಥ ಸದ್ದು. ಮಲಗಿ ಏಳುವಷ್ಟರಲ್ಲಿ ಆ ಕಿವಿ ಪೂರ್ತಿ ಹೋಗಿತ್ತು.

ಬಸ್ಸು ಹತ್ತಿಸಿ ಅರಸೀಕೆರೆಗೆ ಕರೆದೊಯ್ದೆ. ಡಾಕ್ಟರು ತೋಳಿಗೆ ಪಟ್ಟಿ ಕಟ್ಟಿ ನೋಡಿ, ನನ್ನೊಬ್ಬಳನ್ನೇ ಹೊರಗೆ ಕರೆದರು.

"ಈ ವಯಸ್ನಲ್ಲಿ ಕಿವಿ ಹೀಗೆ ಏಕಾಏಕಿ ಹೋದ್ರೆ ಬರೀ ಕಿವಿ ಅಂತ ಸುಮ್ನಾಗ್ಬೇಡಿ ಕಣಮ್ಮ. ಬಿ.ಪಿ. ತುಂಬಾ ಇದೆ. ರಕ್ತ ಓಡೋ ದಾರೀಲೇ ತೊಂದ್ರೆ ಇರ್ಬೋದು. ನಾಳೇನೇ ಹಾಸನಕ್ಕೆ ಹೋಗಿ, ಕಿವೀನೂ ತೋರ್ಸಿ, ಎದೇನೂ ತೋರ್ಸಿ."

ಮನೆಯಲ್ಲಿ ಕಾಯಿ ಒಡೆಯುವ ಆಳುಗಳು ಕೂತಿದ್ದರು. ಹಾಸನಕ್ಕೆ ಹೋದರೆ ಕೆಲಸ ನಿಲ್ಲುತ್ತದೆ ಅಂದುಕೊಂಡೆ. ಅದೂ ಪೂರ್ತಿ ನಿಜವಲ್ಲ — ಇನ್ನು ಮೇಲೆ ಹೂಂ, ಊಹೂಂ ಅನ್ನುವವಳು ನಾನು ಎಂಬ ಹಿಗ್ಗೂ ಒಳಗಿತ್ತು. "ಕಿವೀಲಿ ಗುಗ್ಗೆ ಕಟ್ಟೈತಂತೆ, ಎಣ್ಣೆ ಬಿಡ್ಬೇಕಂತೆ" ಅಂದೆ, ಅವಳಿಗೂ ಗಂಡನಿಗೂ. ದಿನಾ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟೆ. "ಹೆತ್ತ ಮಗಳೂ ಹಿಂಗೆ ನೋಡ್ಕಳಲ್ಲ ಕಣೇ" ಅಂದಳು. ನಾಚಿಕೆಯಿಲ್ಲದೆ ಕೇಳಿಸಿಕೊಂಡೆ.

ತಿಂಗಳು ತುಂಬುವುದರೊಳಗೆ ಲಕ್ವ ಹೊಡೆಯಿತು. ಬಾಯಿ ಸೊಟ್ಟಗಾಯಿತು, ಬಲಗೈ ಬಿದ್ದುಹೋಯಿತು. ಹಾಸನಕ್ಕೆ ಹೋಗಿದ್ದರೆ ತಪ್ಪುತ್ತಿತ್ತೋ ಇಲ್ಲವೋ — ನನಗೆ ಗೊತ್ತಿಲ್ಲ. ಹೋಗದ ಹಾಗೆ ಮಾಡಿದವಳು ನಾನು. ಅದು ಗೊತ್ತು.

ಆಸ್ಪತ್ರೆಯಿಂದ ಮನೆಗೆ ತಂದ ಸಂಜೆ, ಅವಳ ಬಲಮಗ್ಗುಲಿಗೆ ಕೂತು ಪಿಸುಮಾತಿನಲ್ಲಿ ಎಲ್ಲ ಹೇಳಿದೆ. ಆ ಕಿವಿಗೆ ಕೇಳಿಸುವುದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ತುಟಿ ಆಡುವುದನ್ನು ಕಂಡು ತೊದಲಿದಳು, "ಏನೇ ಗೊಣಗ್ತೀಯ? ಈ ಕಡೆ ಬಂದು ಹೇಳೇ."

"ಏನಿಲ್ಲಕ್ಕ, ಗಂಜಿ ತತ್ತೀನಿ" ಅಂದು ಎದ್ದೆ.

ಮಾರನೆಯ ಬೆಳಿಗ್ಗೆ ಗಂಡನನ್ನೂ ಕರೆದು ನಿಲ್ಲಿಸಿಕೊಂಡು, ಅವಳ ಎಡಮಗ್ಗುಲಿಗೆ ಹೋಗಿ ಕೂತೆ. ಮೊದಲಿನಿಂದ ಮತ್ತೆ ಹೇಳಿದೆ — ಜೋರಾಗಿ.