ಬಾಯಲ್ಲಿ ಸಿಕ್ಕಿಕೊಂಡ ಕಲ್ಲು

ನಾನು ಚಿಕ್ಕವನಿದ್ದಾಗ ಒಂದು ಕಲ್ಲನ್ನು ಕಲ್ಲುಸಕ್ಕರೆ ಅಂದುಕೊಂಡು ಬಾಯಿಗೆ ಹಾಕಿಕೊಂಡೆ. ಆಗ ಅಪ್ಪನ ಮುಖ ಆದ ಪರಿ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಅಪ್ಪ ರಾಯಚೂರಿನ ಒಂದು ಕಚೇರಿಯಲ್ಲಿ ವೈರ್‌ಲೆಸ್ ರಿಪೇರಿ ಮಾಡುತ್ತಿದ್ದ. ಕಚೇರಿಯ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಕೃಷ್ಣೆಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ದೇವದುರ್ಗದ ಕಡೆಯ ಹೊಳೆದಂಡೆಗೆ ಇಲ್ಲಿಂದಲೇ ಸುದ್ದಿ ಹೋಗಬೇಕು. ಆಗ ಅಲ್ಲಿ ಫೋನಿರಲಿಲ್ಲ. ಜನ ಹರಿಗೋಲಿನಲ್ಲಿ ಹೊಳೆ ದಾಟುತ್ತಿದ್ದರು.

ಆ ದಿನ ಧೋ ಎಂದು ಮಳೆ ಸುರಿಯುತ್ತಿತ್ತು ಎಂದು ಎಷ್ಟೋ ಸಲ ಹೇಳಿದ್ದೇನೆ. ಅದು ನಾನು ಸೇರಿಸಿದ್ದು. ಮಳೆ ಮೇಲೆಲ್ಲೋ ಇತ್ತು. ರಾಯಚೂರಿನಲ್ಲಿ ಅಂಗಳದ ಫರಸಿಗಲ್ಲು ಅಂಗಾಲು ಸುಡುತ್ತಿತ್ತು.

ನೀರು ಬಿಟ್ಟಿದ್ದಾರೆಂದು ಕಚೇರಿಗೆ ಫೋನು ಬಂತು. ಅಪ್ಪ ಮೈಕು ಹಿಡಿದರೆ ವೈರ್‌ಲೆಸ್ ಸೆಟ್ ಸತ್ತಿತ್ತು. ಪೂರ್ತಿ ಸತ್ತಿದ್ದರೆ ವಾಸಿ. ಹೊಳೆದಂಡೆಯ ಸೆಟ್ಟಿನವನ ಮಾತು ನಮಗೆ ಕೇಳುತ್ತಿತ್ತು, ನಮ್ಮದು ಅತ್ತ ಹೋಗುತ್ತಿರಲಿಲ್ಲ.

“ರಾಯಚೂರು, ಕೇಳ್ಸಾಕತ್ತದೇನ್ರಿ? ಸಂತಿ ಮಂದಿ ದಂಡಿ ಮ್ಯಾಲ ನಿಂತಾರ. ಹರಿಗೋಲು ಬಿಡ್ಲೋ ಬ್ಯಾಡೋ?”

“ಬ್ಯಾಡೋ ಮಾರಾಯಾ!” ಎಂದು ಅಪ್ಪ ಪೆಟ್ಟಿಗೆಗೇ ಕೂಗಿದ.

ಸೆಟ್ಟಿನೊಳಗಿಂದ ಬೆಂಕಿಪೊಟ್ಟಣದ ಅರ್ಧದಷ್ಟಿದ್ದ ಕಪ್ಪು ಡಬ್ಬಿಯೊಂದನ್ನು ಕಿತ್ತು, ಮೂರು ತಿರುಪು ಬಿಚ್ಚಿದ. ಎರಡು ಲೋಹದ ತಗಡುಗಳ ನಡುವೆ ಉಗುರಿನಷ್ಟು ತೆಳ್ಳಗಿನ, ಕಲ್ಲುಸಕ್ಕರೆಯಂಥ ಮಸುಕು ಬಿಳುಪಿನ ಚೂರು. ಅಪ್ಪ ಅದಕ್ಕೆ ಕ್ರಿಸ್ಟಲ್ ಎನ್ನುತ್ತಿದ್ದ, ಅವ್ವ ಕಲ್ಲು ಎನ್ನುತ್ತಿದ್ದಳು.

“ಇದು ನಡುಗಿದ್ರ ಮಾತು ಹೋಗತದ,” ಎಂದು ಅಪ್ಪ ನನಗೂ ಅಕ್ಕನಿಗೂ ಹೇಳಿದ. “ಬೆರಳಿನ ಜಿಡ್ಡು ಹತ್ತಿದ್ರೂ ಸಾಕು, ನಡುಗೂದು ನಿಲ್ಲತದ. ಯಾರೂ ಮುಟ್ಟಬ್ಯಾಡ್ರಿ. ಇನ್ನೊಂದಿಲ್ಲ.”

ಕಲ್ಲು ನಡುಗುವುದೇ! ನಾನು ದಂಗಾಗಿ ನಿಂತೆ. ಚೂರನ್ನು ಬಿಳಿ ಬಟ್ಟೆಯ ಮೇಲಿಟ್ಟು ಅಪ್ಪ ಸೋಪು ತರಲು ಬಚ್ಚಲಿಗೆ ಹೋದ. ಮುಟ್ಟಬೇಡ ಎಂದದ್ದು ಬೆರಳಿಗೆ ತಾನೇ? ನಾನು ಬಗ್ಗಿ ನಾಲಿಗೆಯಿಂದಲೇ ಎತ್ತಿಕೊಂಡೆ.

ಸಿಹಿ ಇರಲಿಲ್ಲ. ರುಚಿಯೇ ಇರಲಿಲ್ಲ. ಬರೀ ತಂಪು.

ಬಾಗಿಲಲ್ಲಿ ಅಪ್ಪ ಖಾಲಿ ಬಟ್ಟೆ ನೋಡಿದ, ನನ್ನ ಬಿಗಿದ ತುಟಿ ನೋಡಿದ. ಮುಖ ಸುಣ್ಣವಾಯಿತು. “ಕಡೀಬ್ಯಾಡಲೇ! ನುಂಗಬ್ಯಾಡ! ಉಗುಳು!”

ಉಗುಳಬೇಕೆಂದರೂ ಆಗಲಿಲ್ಲ. ಭಯಕ್ಕೆ ತುಟಿಗಳು ಹೊಲಿದಂತೆ ಅಂಟಿಕೊಂಡಿದ್ದವು. ಅಷ್ಟರಲ್ಲಿ ಪೆಟ್ಟಿಗೆ ಮತ್ತೆ ಮಾತಾಡಿತು: “ರಾಯಚೂರು? ಮಂದಿ ಕೇಳಾಂಗಿಲ್ರೀ. ಹತ್ತಿಸಿಬಿಡ್ಲೇನು?”

ಅಕ್ಕ ಬಂದವಳೇ ನನ್ನ ಮೂಗು ಗಟ್ಟಿಯಾಗಿ ಹಿಡಿದಳು. ಉಸಿರು ಕಟ್ಟಿ ಬಾಯಿ ತಾನಾಗಿ ತೆರೆಯಿತು. ಎದುರಿಗೆ ಅವ್ವ ಒಡ್ಡಿದ ಸೆರಗಿಗೆ ಕಲ್ಲು ಬಿತ್ತು. ಮುರಿದಿರಲಿಲ್ಲ.

ಅಪ್ಪ ಚಿಮಟದಲ್ಲಿ ಅಂಚು ಹಿಡಿದು, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸೋಪು ಹಚ್ಚಿ ತೊಳೆದ, ಒಣಗಿಸಿದ, ಮೂರೂ ತಿರುಪು ಬಿಗಿದ.

“ದೇವದುರ್ಗ, ಹರಿಗೋಲು ಬಿಡಬ್ಯಾಡ್ರಿ! ನೀರು ಬರಾಕತ್ತದ!”

ಗರಗರ ಸದ್ದು. ಆಮೇಲೆ ಆ ದನಿ: “ಬಿಡಂಗಿಲ್ರೀ, ಹತ್ತಿದವ್ರನ್ನೂ ಇಳಿಸಾಕತ್ತೀನಿ. ಇಷ್ಟೊತ್ತನಕ ಎಲ್ಲಿ ಹೋಗಿದ್ರಿ?”

ಅಪ್ಪ ನನ್ನತ್ತ ನೋಡಿದ. “ನಮ್ಮ ಹುಡುಗನ ಬಾಯಾಗ ಇದ್ವಿರಿ,” ಎಂದ.

ಇದನ್ನು ಬರೆದು ನಿಮಗೆ ಕಳಿಸುವ ಮೊದಲು ಮಾನ್ವಿಯಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಓದಿ ಹೇಳಿದೆ. “ಲೇ ತಮ್ಮಾ, ಬಾಯಾಗ ಹಾಕ್ಕೊಂಡಾಕಿ ನಾನು. ಮೂಗು ಹಿಡಿದಾಂವ ನೀನು,” ಎಂದಳು. ಅಂದಿಗಿಂತ ಹೆಚ್ಚು ಬೆಚ್ಚಿದೆ. ಆ ತಂಪು ನನ್ನ ನಾಲಿಗೆಯ ಮೇಲೆ ಈಗಲೂ ಇದೆಯಲ್ಲ? ಕೇಳಿದರೆ, ತನ್ನ ನಾಲಿಗೆಯ ಮೇಲೂ ಇದೆ ಎನ್ನುತ್ತಾಳೆ.

ಮಕ್ಕಳೇ, ನಿಮ್ಮ ಮೊಬೈಲಿನೊಳಗೂ ನಡುಗುವ ಅಂಥದೊಂದು ಕಲ್ಲಿದೆ. ಬೀಗಮುದ್ರೆ ಹಾಕಿಟ್ಟಿರುತ್ತಾರೆ, ಯಾರೂ ಬಿಚ್ಚಿ ತೊಳೆಯುವುದಿಲ್ಲ. ನೀವು ಏನನ್ನಾದರೂ ಬಾಯಿಗೆ ಹಾಕಿಕೊಂಡರೆ ಮೂರು ಕಡೆಯಿಂದ ವಿಡಿಯೊ ಆಗುತ್ತದೆ. ಮುದುಕರಾದ ಮೇಲೆ ನೀವು ಜಗಳವಾಡಬೇಕಿಲ್ಲ. ನಮ್ಮ ಆ ದಿನದ ಒಂದು ಫೋಟೊ ಕೂಡ ಇಲ್ಲ. ನಿಜ ಗೊತ್ತಿದ್ದ ಅಪ್ಪನೂ ಅವ್ವನೂ ಇಲ್ಲ. ಉಳಿದದ್ದು ಎರಡು ನಾಲಿಗೆ, ಎರಡೂ ಆಣೆ ಮಾಡುತ್ತವೆ.